ಹಣ್ಣಾಗಬಾರದ ತೋಟ

ಕಾಲು ಚಾಚಿ ಕೂರುವುದಕ್ಕೂ ಒಂದು ವಯಸ್ಸು ಬರಬೇಕು. ನನಗೆ ಅದು ಬಂದಿದೆ. ಸಂಜೆ ಒಲೆ ಹಚ್ಚುವುದಕ್ಕೆ ಮುಂಚೆ ಅಡುಗೆಮನೆಯ ಗೋಡೆಗೆ ಬೆನ್ನು ಕೊಟ್ಟು, ಕಾಲು ಉದ್ದಕ್ಕೆ ಬಿಟ್ಟು, ಒಂದಿಷ್ಟು ಹೊತ್ತು ಏನನ್ನೂ ಯೋಚಿಸದೆ ಕೂರುತ್ತೇನೆ. ದಿನದಲ್ಲಿ ನನ್ನದು ಅಂತ ಇರುವುದು ಅಷ್ಟೇ. ಮೊನ್ನೆ ಅಷ್ಟಕ್ಕೂ ಕಲ್ಲು ಬಿತ್ತು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದುವ ಮಗಳು ಗಿರಿಜೆ ದಪ್ಪ ಪುಸ್ತಕ ಹಿಡಿದುಕೊಂಡು ಬಂದು ಪಕ್ಕದಲ್ಲೇ ಕೂತಳು.

"ಅಮ್ಮಾ, ಸೋರೋಸಿಸ್ ಅಂದ್ರೆ ಏನು ಗೊತ್ತಾ?"

"ಯಾವುದೋ ಕಾಯಿಲೆ. ನನಗೆ ಬಂದಿರಬೇಕು, ಸೊಂಟದ ಹತ್ತಿರ."

"ಕಾಯಿಲೆ ಅಲ್ಲಮ್ಮ, ಹಣ್ಣು!"

ಹಣ್ಣಿಗೆ ಇಂಥ ಹೆಸರಿಟ್ಟವರು ಯಾರೋ. ಅವಳು ಓದಿ ಹೇಳಿದ್ದನ್ನು ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ. ಒಂದು ಹೂವು ಒಂದು ಹಣ್ಣಾಗುವುದು ಲೋಕರೂಢಿ. ಕೆಲವು ಗಿಡಮರಗಳಲ್ಲಿ ಹಾಗಲ್ಲ. ಒಂದೇ ದಿಂಡಿನ ಮೇಲೆ ಒತ್ತೊತ್ತಾಗಿ ಕೂತ ಸಣ್ಣ ಸಣ್ಣ ಹೂಗಳೆಲ್ಲ ತಮ್ಮ ತಮ್ಮ ಪಾಲಿನ ರಸ ತುಂಬಿಕೊಂಡು, ಒಂದಕ್ಕೊಂದು ಅಂಟಿಕೊಂಡು, ಹೊರಗಿನವರ ಕಣ್ಣಿಗೆ ಒಂದೇ ಹಣ್ಣು ಅನ್ನುವ ಹಾಗೆ ಕಾಣುತ್ತವೆ. ಹಲಸು ಹಾಗಂತೆ, ಅನಾನಸ್ ಹಾಗಂತೆ. ಒಟ್ಟು ಕುಟುಂಬ ಅಂತ ನಾವು ಕರೆಯುವುದನ್ನೇ ಅವರು ಸೋರೋಸಿಸ್ ಅಂತ ಕರೆದಿದ್ದಾರೆ. ಗ್ರೀಕರ ಮಾತಿನಲ್ಲಿ ಸೋರೋಸ್ ಎಂದರೆ ರಾಶಿ, ಗುಡ್ಡೆ ಎಂದು ಪುಸ್ತಕದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿತ್ತು.

ರಾಶಿ ಎಂದದ್ದೇ ನನ್ನ ಮನಸ್ಸು ಯಳಂದೂರಿನ ಕಡೆ ಹೊರಟಿತು. ನನ್ನ ತವರು ಗದ್ದೆಯ ಸೀಮೆ. ಅಲ್ಲಿ ರಾಶಿ ಎಂದರೆ ಕಣದಲ್ಲಿ ಭತ್ತ ತೂರಿ ಗುಡ್ಡೆ ಹಾಕಿದ್ದು. ಅದರ ನೆತ್ತಿಗೆ ಸಗಣಿಯ ಬೆನಕನನ್ನು ಕೂರಿಸಿ ಗರಿಕೆ ಸಿಕ್ಕಿಸುತ್ತಿದ್ದರು. ಅಳೆಯುವಾಗ ಮೊದಲ ಕೊಳಗಕ್ಕೆ 'ಒಂದು' ಅನ್ನುವ ಹಾಗಿಲ್ಲ, 'ಲಾಭ' ಅನ್ನಬೇಕು. ಒಂದು ಅಂದುಬಿಟ್ಟರೆ ರಾಶಿಗೆ ಲೆಕ್ಕ ಹುಟ್ಟಿ, ಲೆಕ್ಕ ಹುಟ್ಟಿದ್ದಕ್ಕೆ ಕೊನೆಯೂ ಹುಟ್ಟುತ್ತದೆಯಂತೆ. ಇದನ್ನು ನನಗೆ ಹೇಳಿದವಳು ಅಜ್ಜಿ. ಗ್ರೀಕರ ಅಜ್ಜಿಯರು ಏನು ಹೇಳುತ್ತಿದ್ದರೋ ಪುಸ್ತಕದಲ್ಲಿ ಬರೆದಿರಲಿಲ್ಲ.

ನಮ್ಮ 'ಹಣ್ಣು' ಅನ್ನುವ ಮಾತೇನು ಕಡಿಮೆ ಅಲೆದದ್ದಲ್ಲ. ಹಳಗನ್ನಡದವರು 'ಪಣ್' ಎನ್ನುತ್ತಿದ್ದರು. ಗಡಿಯಾಚೆಯ ತಮಿಳಿನವರು ಇವತ್ತಿಗೂ ಪಕಾರ ಬಿಡದೆ 'ಪಳಂ' ಎನ್ನುತ್ತಾರೆ. ನಾವು ನಡುದಾರಿಯಲ್ಲಿ ಪಕಾರ ಇಳಿಸಿ ಹಕಾರ ಹೊತ್ತುಕೊಂಡೆವು. ಕೊಳ್ಳೇಗಾಲ ತಲುಪುವ ಹೊತ್ತಿಗೆ ಹಕಾರವೂ ಭಾರವಾಗಿ ಅದನ್ನೂ ಇಳಿಸಿ 'ಅಣ್ಣು' ಎಂದು ಉಸಿರುಬಿಟ್ಟೆವು. ದೂರ ನಡೆದವರು ಮೂಟೆ ಇಳಿಸಿದ ಹಾಗೆ. ಅಲೆದು ಅಲೆದು ಸುಸ್ತಾದವರು 'ಹಣ್ಣಾದೆ' ಎನ್ನುವುದುಂಟಲ್ಲ, ಹಾಗೆ ಈ ಮಾತೂ ಹಣ್ಣಾಗಿಹೋಗಿದೆ. ಇನ್ನೂ ಸುಸ್ತಾದರೆ ಹಣ್ಣುಗಾಯಿ ನೀರುಗಾಯಿ. ಅದಕ್ಕಿಂತ ಮುಂದಿನ ಸುಸ್ತಿಗೆ ನಮ್ಮ ಹಿರಿಯರು ಮಾತು ಕಟ್ಟಿದ ಹಾಗೆ ಕಾಣೆ. ಅಷ್ಟು ಹೊತ್ತಿಗೆ ಅವರು ಮಲಗಿಬಿಟ್ಟಿರಬೇಕು.

"ಅಮ್ಮಾ, ಕೇಳ್ತಾ ಇದೀಯಾ? ಹಿಪ್ಪುನೇರಳೆಯೂ ಸೋರೋಸಿಸ್ಸೇ. ನೀನು ಮುಳ್ಳೂರಲ್ಲಿ ಇದ್ದೆಯಲ್ಲ, ತಿಂದಿದ್ದೀಯಾ?"

ತಿಂದಿದ್ದೇನೆ. ನಿಮಗೆ ಆ ಹಣ್ಣಿನ ಕಥೆ ಹೇಳಬೇಕಾದರೆ ಮೊದಲು ಮುಳ್ಳೂರಿನ ಅತ್ತೆಯ ಮನೆಗೆ ನಿಮ್ಮನ್ನು ಕರೆದುಕೊಂಡು ಹೋಗಬೇಕು. ಚಪ್ಪಲಿ ಹೊರಗೇ ಬಿಡಿ. ಹೂವು ಮುಡಿದಿದ್ದರೆ ತೆಗೆದು ಬನ್ನಿ.

ನನ್ನ ಮದುವೆಯ ಮಾತುಕತೆ ಶುರುವಾದಾಗ ಯಳಂದೂರು ಮೈಸೂರಿನದು, ಕೊಳ್ಳೇಗಾಲ ತಾಲ್ಲೂಕು ಮದರಾಸಿನದು. ನನ್ನ ಅಪ್ಪ ಊರೆಲ್ಲ "ಮಗಳ ಪರರಾಜ್ಯಕ್ಕ ಕೊಡ್ತಾವ್ನಿ" ಎಂದು ಹೇಳಿಕೊಂಡು ತಿರುಗಿದರು. ಎತ್ತಿನ ಗಾಡಿಯಲ್ಲಿ ಹೋಗಿ ಬರುವಷ್ಟು ದೂರದ ಪರರಾಜ್ಯ. ಮದುವೆಯಾಗುವ ಹೊತ್ತಿಗೆ ಸರ್ಕಾರದವರು ಎರಡನ್ನೂ ಒಂದು ಮಾಡಿ ಅಪ್ಪನ ಜಂಭಕ್ಕೆ ತಣ್ಣೀರು ಎರಚಿದರು. ಆದರೆ ಆಳುವವರು ಒಂದಾದರೇನು, ಗದ್ದೆಯ ಸೀಮೆ ಬೇರೆ, ರೇಷ್ಮೆಯ ಸೀಮೆ ಬೇರೆ. ಅದು ನನಗೆ ಅತ್ತೆಯ ಮನೆಯ ಹೊಸಿಲು ದಾಟಿದ ದಿನವೇ ತಿಳಿಯಿತು.

ಮಾವ ನಾನು ಬರುವ ಮುಂಚೆಯೇ ತೀರಿಕೊಂಡಿದ್ದರು. ಅತ್ತೆ ದೇವೀರಮ್ಮ, ನನ್ನ ಗಂಡ, ನಾನು, ನಮ್ಮ ಮೂವರ ಮೇಲೆ ಯಜಮಾನಿಕೆ ಮಾಡುವ ರೇಷ್ಮೆ ಹುಳುಗಳು. ಮನೆಯ ದೊಡ್ಡ ಅಂಕಣವೆಲ್ಲ ಅವುಗಳದು. ಬಿದಿರು ತಟ್ಟೆಗಳಲ್ಲಿ ಅವು, ಉಳಿದ ಸಂದಿಯಲ್ಲಿ ನಾವು. ಅತ್ತೆ ಮೊದಲ ದಿನವೇ ಹೇಳಿದರು:

"ಕೂಸೇ, ಉಳದ ಮನ ಅಂದ್ರ ಬಾಣಂತಿ ಮನ ಇದ್ದಂಗ. ಒಗ್ಗರಣ ಆಕ್ಬ್ಯಾಡ. ಮಲ್ಲಿಗ ಮುಡೀಬ್ಯಾಡ. ಗಟ್ಟಿಯಾಗಿ ನಗಬ್ಯಾಡ."

"ಅಳಬಹುದಾ ಅತ್ತೆ?"

"ಇತ್ಲಕ್ಕ ಓಗಿ ಅಳು."

ನನ್ನ ಅತ್ತೆ ಒಳ್ಳೆಯವರು. ಅವರ ಬಾಯಿಂದ ನಾನು ಎಷ್ಟು ಮಾತು ಕಲಿತೆನೋ ಶಾಲೆಯಲ್ಲಿ ಅಷ್ಟು ಕಲಿಯಲಿಲ್ಲ. ಹುಳುಗಳು ಮೇವು ಬಿಟ್ಟು ತಲೆಯೆತ್ತಿ ಸ್ತಬ್ಧವಾಗಿ, ಪೊರೆ ಕಳಚಿ ಏಳುವುದಕ್ಕೆ ಅವರು 'ಜ್ವರ' ಎನ್ನುತ್ತಿದ್ದರು. ನಾಲ್ಕನೇ ಜ್ವರ ಬಿಟ್ಟ ಮೇಲಿನ ಹುಳು ಇದೆಯಲ್ಲ, ಅದಕ್ಕೆ ಹಗಲಿಲ್ಲ ಇರುಳಿಲ್ಲ, ತಿನ್ನುವುದೊಂದೇ ಕೆಲಸ. ಸೊಪ್ಪು ಕೊಯ್ಯಬೇಕು, ಹೊರಬೇಕು, ಹರಡಬೇಕು, ಅಷ್ಟರಲ್ಲಿ ಮೊದಲ ತಟ್ಟೆ ಖಾಲಿ. ಆ ವಾರದಲ್ಲಿ ಮನೆಯವರು ಕೂತಲ್ಲೇ ತೂಗುತ್ತಾರೆ, ನಿಂತಲ್ಲೇ ತೂಗುತ್ತಾರೆ. ನಾನು ಒಮ್ಮೆ ಬಾಯಲ್ಲಿ ಮುದ್ದೆ ಇಟ್ಟುಕೊಂಡೇ ನಿದ್ದೆ ಹೋಗಿದ್ದೆನಂತೆ. ಆಮೇಲೆ ಒಂದು ದಿನ ಹುಳುಗಳು ತಿನ್ನುವುದನ್ನು ಬಿಟ್ಟು ಹೊಂಬಣ್ಣಕ್ಕೆ ತಿರುಗಿ ಗೂಡು ಕಟ್ಟಲು ಜಾಗ ಹುಡುಕುತ್ತವೆ. ಅವನ್ನು ಆರಿಸಿ ಚಂದ್ರಿಕೆ ಎನ್ನುವ ಬಿದಿರು ತಟ್ಟಿಯ ಮೇಲೆ ಬಿಟ್ಟಾಗಲೇ ಮನೆಯವರ ಕಣ್ಣಿಗೆ ನಿದ್ದೆ.

ಇಷ್ಟೆಲ್ಲ ಯಾಕೆ ಹೇಳಿದೆನೆಂದರೆ, ಸೊಪ್ಪಿಗಾಗಿ ಬೆಳೆಸಿದ ಹಿಪ್ಪುನೇರಳೆಯ ತೋಟ ಹಣ್ಣಿನಿಂದ ಕಪ್ಪಾಗಬಾರದು. ಹುಳು ಚೆನ್ನಾಗಿರುವ ಮನೆಯ ತೋಟ ಬೋಳಾಗಿರುತ್ತದೆ. ಎಲೆಯ ಜೊತೆಗೆ ಹೀಚುಗಳೂ ಬುಟ್ಟಿಗೆ ಬಂದುಬಿಡುತ್ತವೆ, ಕೆಂಪಾಗುವಷ್ಟು ಪುರಸೊತ್ತು ಯಾವುದಕ್ಕೂ ಸಿಗುವುದಿಲ್ಲ. ತೋಟದ ತುಂಬ ಹಣ್ಣು ಕಪ್ಪಗೆ ಜೋಲುತ್ತಿದೆ ಎಂದರೆ ಸೊಪ್ಪು ಕೊಯ್ಯುವವರಿಲ್ಲ, ಅಂದರೆ ತಿನ್ನುವ ಹುಳು ಇಲ್ಲ, ಅಂದರೆ ಆ ಮನೆಯ ಹುಳು ಸತ್ತಿದೆ. ಅಂಥ ತೋಟದ ಮುಂದೆ ಮುಳ್ಳೂರಿನವರು ಮಾತು ತಗ್ಗಿಸಿ ನಡೆಯುತ್ತಿದ್ದರು.

ನಾನು ಬಂದ ಮರುವರ್ಷ ಹಾಗಾದದ್ದು ಪಕ್ಕದ ಮನೆಯ ಗೌರಮ್ಮನಿಗೆ. ಅವಳ ಗಂಡ ಹನೂರಿನಲ್ಲಿ ಅಂಗಡಿ ಇಟ್ಟುಕೊಂಡು ವಾರಕ್ಕೊಮ್ಮೆ ಬರುತ್ತಿದ್ದ. ಹುಳು ಸಾಕುವುದನ್ನು ಗೌರಮ್ಮನಿಗೆ ಕಲಿಸಿದವರೇ ನನ್ನ ಅತ್ತೆ. ಎರಡು ತೋಟದ ನಡುವಿನ ಬೇಲಿಯಲ್ಲಿ ಒಬ್ಬರು ನುಸುಳುವಷ್ಟು ಸಂದಿ ಇತ್ತು, ದಿನಕ್ಕೆ ಎಷ್ಟು ಸಲ ಇವರು ಅತ್ತ ಅವರು ಇತ್ತ ಎಂದು ಹೇಳಲಾಗದು. ಆ ಸಲ ಎರಡು ಮನೆಯಲ್ಲೂ ಒಟ್ಟಿಗೇ ಮರಿ ಎದ್ದವು. ಮೂರನೇ ಜ್ವರದ ಹೊತ್ತಿಗೆ ಗೌರಮ್ಮನ ಹುಳುಗಳಿಗೆ ಹಾಲುತೊಂಡೆ ತಗುಲಿತು. ಮೈ ಊದಿ, ಒಡೆದು, ಹಾಲಿನಂಥ ನೀರು ಸುರಿಸಿ ಸಾಯುವ ರೋಗ. ಅವಳು ತಟ್ಟೆಗಟ್ಟಲೆ ಹುಳುವನ್ನು ಗುಂಡಿಗೆ ಸುರಿದು ಮಣ್ಣು ಎಳೆದಳು. ಆವತ್ತಿನಿಂದ ನಮ್ಮ ಮನೆಗೆ ಬರುವುದನ್ನೂ ಬಿಟ್ಟಳು. ಹುಳು ಸತ್ತ ಮನೆಯ ಹೆಂಗಸು ತಾನಾಗಿಯೇ ಇನ್ನೊಬ್ಬರ ಹುಳದ ಮನೆಯ ಹೊಸಿಲು ತುಳಿಯುವುದಿಲ್ಲ.

ಇನ್ನೊಂದು ಕಟ್ಟಳೆಯೂ ಉಂಟು. ಹುಳು ಸತ್ತ ಮನೆಯ ತೋಟದಲ್ಲಿ ಸೊಪ್ಪು ಎಷ್ಟಿದ್ದರೂ ಬೇರೆಯವರು ಬಾಯಿಬಿಟ್ಟು ಕೇಳಬಾರದು. 'ನಿನ್ನವು ಸತ್ತವಲ್ಲ, ನನ್ನವು ತಿನ್ನಲಿ' ಎಂದ ಹಾಗಾಗುತ್ತದೆ. ಅವರಾಗಿ ಒಂದು ದಿನ "ಕುಯ್ಕೊಳ್ಳಿ" ಎನ್ನುತ್ತಾರೆ. ಅಲ್ಲಿಯವರೆಗೆ ಕಾಯಬೇಕು. ನಮ್ಮ ಹುಳುಗಳು ಆ ಸಲ ಚೆನ್ನಾಗಿ ಎದ್ದು, ನಾಲ್ಕನೇ ಜ್ವರ ಬಿಟ್ಟು, ತೋಟವನ್ನೆಲ್ಲ ತಿಂದು ಮುಗಿಸಿದವು. ಇನ್ನು ಎರಡು ಮೂರು ದಿನದ ಮೇವು ಬೇಕು, ಒಂದು ಹೊತ್ತಿನದೂ ಇಲ್ಲ. ನನ್ನ ಗಂಡ ಸೈಕಲ್ ತುಳಿದುಕೊಂಡು ಸತ್ತೇಗಾಲದ ಕಡೆ ಹೋದರು. ಅಲ್ಲಿ ಕಬ್ಬು, ಭತ್ತ, ತೆಂಗು. ಬರಿಗೈಲಿ ಬಂದು ಸೈಕಲನ್ನು ಗೋಡೆಗೆ ಒರಗಿಸಿ, ತಾವೂ ಅದರ ಪಕ್ಕ ಒರಗಿದರು. ಬೇಲಿಯ ಆಚೆ ಹಸಿರು ಎಲೆ, ಕಪ್ಪು ಹಣ್ಣು ಗಾಳಿಗೆ ತೂಗುತ್ತಿದ್ದವು. ಗೌರಮ್ಮ ಬದುವಿನ ಮೇಲೆ ಕೂತು ಅದನ್ನೇ ನೋಡುತ್ತಿದ್ದಳು.

"ಇವತ್ತಲ್ಲ ನಾಳ ಕರೀತಾಳ ಬುಡು," ಎಂದರು ಅತ್ತೆ. "ನನ್ನ ಕೈಲಿ ಕಲ್ತವ್ಳು."

ಅಷ್ಟರಲ್ಲಿ ನನ್ನ ಅಪ್ಪ ಮಗಳನ್ನು ನೋಡಲು ಬಂದರು.

ಬಿಳಿ ಪಂಚೆ, ಬಿಳಿ ಅಂಗಿ, ಹೆಗಲ ಮೇಲೆ ಜರಿಯಂಚಿನ ವಸ್ತ್ರ. ಬೀಗರ ಮನೆಗೆ ಬಂದವರನ್ನು ಜಗುಲಿಯಲ್ಲೇ ಕೂರಿಸಿ ಒಗ್ಗರಣೆಯಿಲ್ಲದ ಸಾರು ಬಡಿಸಿದೆವು. ಅವರು ಅದನ್ನು ಔಷಧಿ ಕುಡಿಯುವಂತೆ ಕುಡಿದರು. ಮನೆಯಲ್ಲಿ ಯಾರೂ ನಗುವುದಿಲ್ಲ, ಯಾರೂ ಕೂತು ಮಾತಾಡುವುದಿಲ್ಲ. ಬೇಸರವಾಗಿ ಎದ್ದು ಹಿತ್ತಲ ಕಡೆ ಅಡ್ಡಾಡಲು ಹೊರಟರು. ಹೊಗಳುವುದು ನಮ್ಮಪ್ಪನ ಚಟ. ಯಾರ ಮನೆಗೆ ಹೋದರೂ ಎಮ್ಮೆಯನ್ನೋ, ತೊಲೆಯನ್ನೋ, ಮಜ್ಜಿಗೆಯನ್ನೋ ಹೊಗಳದೆ ಹೊರಬಂದವರಲ್ಲ. ಬೇಲಿಯ ಸಂದಿಯಲ್ಲಿ ತಲೆ ಹಾಕಿದವರು ದಂಗಾಗಿ ನಿಂತರು.

"ಆಹಾಹಾ! ಯಾನ್ ತ್ವಾಟ ಮಾಡಿದ್ದೈ ಕಣವ್ವ! ಎಲಗಿಂತ ಅಣ್ಣೇ ಜಾಸ್ತಿ ಅದಲ್ಲ! ನಮ್ಮ ಬೀಗಿತ್ತಿ ತ್ವಾಟವ ನೋಡ್ದಿ, ಬೋಳು ಬೋಳು, ತಲ ಬೋಳಿಸ್ದಂಗ. ಒಂದ್ ಅಣ್ಣಿಲ್ಲ. ಕೈಗುಣ ಅಂದ್ರ ನಿಂದು!"

ಗೌರಮ್ಮ ತಲೆಯೆತ್ತಿದಳು. "ಈ ಮಾತ ನಿಮ್ಮ ಬೀಗಿತ್ತಿ ಏಳಿ ಕಳ್ಸುದ್ರಾ?"

"ಅವರ್ಯಾಕ ಏಳ್ಬೇಕು? ನನಗೇನ್ ಕಣ್ಣಿಲ್ವಾ?"

ಅವಳು ಎದ್ದು ಒಳಗೆ ಹೋದಳು. ಅಪ್ಪ ಸಂತೋಷವಾಗಿ ಹಿಂದಿರುಗಿ, "ಪಾಪ, ನಾಚ್ಕಂಡು ಒಳಕ್ಕೋದ್ಳು. ಗುಣವಂತ ಎಂಗಸು," ಎಂದು ನಡೆದದ್ದನ್ನೆಲ್ಲ ಒಂದಕ್ಷರ ಬಿಡದೆ ಹೇಳಿದರು.

ಅತ್ತೆ ಕೈಯಲ್ಲಿದ್ದ ಖಾಲಿ ಬುಟ್ಟಿಯನ್ನು ಕೆಳಗಿಟ್ಟು ಅದರ ಪಕ್ಕದಲ್ಲೇ ಕುಕ್ಕರಿಸಿದರು. "ಬೀಗ್ರೇ, ಸತ್ತ ಮನಗ ಓಗಿ ಊಟ ಚೆನ್ನಾಗದ ಅಂದಂಗಾಯ್ತು."

ಅಪ್ಪನಿಗೆ ಬಿಡಿಸಿ ಹೇಳಿದ್ದು ನಾನು. ಕೇಳಿ ಅವರ ಮುಖ ಇಳಿದುಹೋಯಿತು. ಅಷ್ಟು ಹೊತ್ತಿಗೆ ಹಿತ್ತಲಲ್ಲಿ ಏನೋ ಎಳೆದಾಡುವ ಸದ್ದು. ನೋಡಿದರೆ ಗೌರಮ್ಮ ಜಾಲಿಯ ಕೊಂಬೆಯನ್ನು ತಂದು ಬೇಲಿಯ ಸಂದಿಗೆ ತುರುಕಿ ಕಾಲಿನಿಂದ ಒತ್ತುತ್ತಿದ್ದಳು.

ಮರುದಿನ ಬೆಳಿಗ್ಗೆ ನಮ್ಮ ಹುಳುಗಳು ಬರಿದಾದ ಕಡ್ಡಿಗಳ ಮೇಲೆ ಹರಿದು ತಟ್ಟೆಯ ಅಂಚಿಗೆ ಬಂದು ಕತ್ತು ಚಾಚಿ ಗಾಳಿಯಲ್ಲಿ ಹುಡುಕುತ್ತಿದ್ದವು. ಹುಳು ಕೂಗುವುದಿಲ್ಲ, ಅದೇ ಕಷ್ಟ. ಹಸಿದ ಕರು ಕೂಗಿದರೆ ಬೈಯಬಹುದು. ಇವು ಸುಮ್ಮನೆ ಕತ್ತು ಚಾಚುತ್ತವೆ. ಅವತ್ತು ಮೇವು ಬೀಳದಿದ್ದರೆ ಒಂದು ತಿಂಗಳ ನಿದ್ದೆಗೆಟ್ಟ ದುಡಿಮೆ ಅಲ್ಲಿಗೆ ಮುಗಿದಂತೆ. ಅತ್ತೆ ಸ್ವಲ್ಪ ಹೊತ್ತು ನೋಡಿ, ಸೂರಿಗೆ ಸಿಕ್ಕಿಸಿದ್ದ ಕುಡುಗೋಲು ತೆಗೆದುಕೊಂಡರು.

"ಬಾ ಕೂಸೇ. ಬೀಗ್ರೇ, ನೀವೂ ಬನ್ನಿ. ಬಾಯಿ ಮಾತ್ರ ಮನೇಲಿ ಬುಟ್ಟು ಬನ್ನಿ."

ಸಂದಿ ಮುಚ್ಚಿದ್ದರಿಂದ ಬೀದಿ ಬಳಸಿ ಹೋದೆವು. ಗೌರಮ್ಮ ಬಾಗಿಲಲ್ಲೇ ಕೂತಿದ್ದಳು. ತಲೆ ಬಾಚಿರಲಿಲ್ಲ. ಕುಡುಗೋಲು ನೋಡಿದಳು, ಅತ್ತೆಯನ್ನು ನೋಡಿದಳು.

"ತ್ವಾಟವ ಕುಯ್ಯವ ಬಾ ಗೌರಿ," ಎಂದರು ಅತ್ತೆ. "ಇಂಗೇ ಬುಟ್ರ ಚಿಗುರು ಎಲ್ಲಿಂದ ಬತ್ತದ? ಇವತ್ ಬುಡಕ್ಕ ಕುಯ್ದ್ರ ಮುಂದ್ಲ ಬೆಳಗ ಸೊಪ್ಪಾಯ್ತದ. ಒಂದ್ ಬೆಳ ಓಯ್ತು, ಇನ್ನೊಂದ್ನೂ ಕಳಕಂಡಿಯಾ?"

"ನನ್ನ ಮುಂದ್ಲ ಬೆಳ ಮ್ಯಾಲ ನಿಂಗ ಪ್ರೀತಿ ಉಕ್ಬುಡ್ತಾ ಅಕ್ಕ? ನಿನ್ನ ಉಳಗೊಳ್ಗ ಸೊಪ್ಪಿಲ್ಲ, ಅದಕ್ಕ ಬಂದಿದ್ದೈ."

ಅಪ್ಪ ಬಾಯಿ ತೆರೆಯಲು ಹೋಗಿ, ನೆನಪಾಗಿ ಮುಚ್ಚಿಕೊಂಡರು.

"ಊ ಕಣ," ಎಂದರು ಅತ್ತೆ. "ಸೊಪ್ಪಿಲ್ಲ, ಅದಕ್ಕೇ ಬಂದಿವ್ನಿ. ಸೊಪ್ಪಿದ್ದಿದ್ರ ಇವತ್ ಬತ್ತಿರ್ನಿಲ್ಲ, ನಾಳ ಬತ್ತಿದ್ದಿ. ಇವತ್ ಮಲಗ್ತಿದ್ದಿ. ನಂಗ ಕಾಲು ನಿಲ್ತಾ ಇಲ್ಲ ಗೌರಿ. ಸುಳ್ಳ ಏಳಕ್ಕೂ ಶಕ್ತಿ ಬ್ಯಾಡ್ವಾ?"

ಹೀಗೆ ಹೇಳಿ ಅವರು ಅಲ್ಲೇ ಜಗುಲಿಯ ಮೇಲೆ ಕೂತುಬಿಟ್ಟರು. ಕೇಳಬಾರದ್ದನ್ನು ಕೇಳಿ ಆಗಿತ್ತು. ಇನ್ನು ಅವಳು ಇಲ್ಲ ಅಂದರೆ ಸೊಪ್ಪೂ ಇಲ್ಲ, ನೆರೆಯೂ ಇಲ್ಲ. ಕೊನೆಗೆ ಅಪ್ಪನಿಗೆ ತಡೆಯಲಾಗಲಿಲ್ಲ.

"ತಂಗೀ, ನಾವು ಗದ್ದ ಜನ. ಅಣ್ಣು ಕಂಡ್ರ ಒಗಳ್ತೀವಿ. ಎಲ ತಿನ್ನೋ ಸಂಸಾರ ನಮಗ ತಿಳೀದು."

"ತಿಳೀದೋರು ಸುಮ್ಮನಿರ್ಬೇಕು ಕಣಪ್ಪ," ಎಂದಳು ಗೌರಮ್ಮ. ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅತ್ತೆಯ ಮುಂದೆ ಕೈ ಚಾಚಿದಳು. "ಕುಡ್ಲ ಇತ್ತ ಕೊಡು. ನನ್ನ ತ್ವಾಟವ ನಾನೇ ಕುಯ್ತೀನಿ. ಸೊಪ್ಪ ಒರಾಕ ಈ ಒಗಳೋ ಯಜಮಾನ್ರು ಅವ್ರಲ್ಲ."

ಅವಳು ಕೊಯ್ದಳು. ಬಾಗಿದವಳು ತಲೆಯೆತ್ತದೆ ಸಾಲು ಸಾಲೇ ಕೊಯ್ದಳು. ಅಪ್ಪ ಜರಿಯಂಚಿನ ವಸ್ತ್ರವನ್ನು ಸಿಂಬಿ ಸುತ್ತಿ ಕಡ್ಡಿಯ ಹೊರೆ ಹೊತ್ತರು. ಸಂದಿಯ ಜಾಲಿ ಕೊಂಬೆಯನ್ನು ನನ್ನ ಗಂಡ ಎಳೆದುಹಾಕಿದರು, ಆದರೂ ಹೊರೆ ಅದರಲ್ಲಿ ಹಿಡಿಸದೆ ಅಪ್ಪ ಬೀದಿ ಬಳಸಿಯೇ ಬರಬೇಕಾಯಿತು. ಪ್ರತಿ ಹೊರೆಗೂ ಹಣ್ಣಿನ ರಸ ಇಳಿದು ಅಪ್ಪನ ಅಂಗಿಯ ಬೆನ್ನು, ಕತ್ತು, ಕಿವಿಯ ಹಿಂದೆಲ್ಲ ನೇರಳೆ ಬಣ್ಣ. ಎದುರು ಸಿಕ್ಕವರು "ಯಾನ್ ಸ್ವಾಮಿ, ಓಕಳಿಯಾ?" ಎಂದು ಕೇಳಿದರೆ ಉತ್ತರ ಕೊಡಲು ಕತ್ತು ತಿರುಗಿಸುವ ಹಾಗಿರಲಿಲ್ಲ.

ಹಣ್ಣನ್ನು ಕಿತ್ತು ಸೊಪ್ಪನ್ನು ಮಾತ್ರ ತಟ್ಟೆಗೆ ಹಾಕಬೇಕು. ರಸ ಸೋಕಿದರೆ ತಟ್ಟೆ ಒದ್ದೆಯಾಗುತ್ತದೆ, ಇರುವೆ ಬರುತ್ತದೆ. ನಮ್ಮ ಹಿತ್ತಲಲ್ಲಿ ನಾನು, ಅತ್ತೆ ಕೂತು ಬಿಡಿಸಿದೆವು. ಕೊಯ್ದು ಮುಗಿಸಿ ಗೌರಮ್ಮನೂ ಬಂದು ಕೂತಳು. ಹಣ್ಣು ನಮ್ಮ ಮೂವರ ನಡುವೆ ಗುಡ್ಡೆಯಾಯಿತು. ಒಂದೊಂದು ಹಣ್ಣೂ ಗುಡ್ಡೆಯೇ ಎಂದು, ನಾವು ತಿರುಳು ಅಂದುಕೊಳ್ಳುವುದು ಹೂವಿನ ಹೊರಗಿನ ಎಸಳೇ ಉಬ್ಬಿದ್ದು ಎಂದು ಈಗ ಗಿರಿಜೆಯ ಪುಸ್ತಕ ಹೇಳುತ್ತದೆ. ಆವತ್ತು ನನಗೆ ಕಂಡದ್ದು ಗೌರಮ್ಮ ಮೆಲ್ಲಗೆ ಒಂದು ಹಣ್ಣನ್ನು ಬಾಯಿಗೆ ಹಾಕಿಕೊಂಡದ್ದು.

"ಇಷ್ಟು ವರ್ಸ ತ್ವಾಟ ಮಾಡಿ ಇದರ ರುಚಿ ಕಂಡಿರ್ನಿಲ್ಲ," ಎಂದಳು.

"ಸೀ ಅದಾ?" ಅತ್ತೆ ಕೇಳಿದರು.

"ಅದ. ಅದೇ ಬೇಜಾರು."

ಅತ್ತೆಯೂ ಒಂದು ತಿಂದರು. ಆಮೇಲೆ ನಾನು. ಬಾಯಿ ಕಪ್ಪು ಮಾಡಿಕೊಂಡು ಮೂವರೂ ಬಿಡಿಸುತ್ತಲೇ ಇದ್ದೆವು. ಯಾರೂ ನಗಲಿಲ್ಲ. ನಗುವಷ್ಟು ಯಾರಲ್ಲೂ ಉಳಿದಿರಲಿಲ್ಲ.

ಸೊಪ್ಪು ಹರಡಿದೆವು. ಹುಳುಗಳು ತಲೆ ಇಳಿಸಿ ಎಲೆಯ ಅಂಚಿಗೆ ಬಾಯಿ ಹಚ್ಚಿದವು. ಅತ್ತೆ ಕೊನೆಯ ತಟ್ಟೆಯನ್ನು ಏರಿಸಿ ಬಾಗಿಲ ಕಡೆ ತಿರುಗಿದರು. ಗೌರಮ್ಮ ಜಗುಲಿಯಲ್ಲಿ, ಹೊಸಿಲಿನ ಆಚೆ ನಿಂತಿದ್ದಳು.

"ಒಳಕ್ಕ ಬಾ."

"ಬ್ಯಾಡ ಕಣಕ್ಕ. ನಾ ಬರಾಕಿಲ್ಲ." ಆಮೇಲೆ ಕತ್ತು ಚಾಚಿ ಕೇಳಿದಳು, "ತಿಂತಾವಾ?"

"ತಿಂತಾವ."

"ಎಲ್ಲಾವೂನಾ?"

"ಎಲ್ಲಾವೂವ."

ಅವಳು ಹೊಸಿಲಿನ ಹೊರಗೇ, ಬಾಗಿಲ ಚೌಕಟ್ಟಿಗೆ ತಲೆ ಕೊಟ್ಟು ಕೂತಳು. ಒಳಗಿನ ಮರಮರ ಸದ್ದನ್ನು ಕೇಳುತ್ತ ಇದ್ದಾಳೆ ಅಂದುಕೊಂಡೆವು. ಸ್ವಲ್ಪ ಹೊತ್ತಿಗೆ ನೋಡಿದರೆ ಬಾಯಿ ತುಸು ತೆರೆದು, ಕಪ್ಪಾದ ಕೈಗಳನ್ನು ಮಡಿಲಲ್ಲಿ ಚೆಲ್ಲಿ ನಿದ್ದೆ ಹೋಗಿದ್ದಳು. ಹುಳು ಸತ್ತಂದಿನಿಂದ ಅವಳು ಕಣ್ಣು ಮುಚ್ಚಿದ ಹಾಗಿರಲಿಲ್ಲ.

ಅಪ್ಪ ಇನ್ನೊಂದು ಹೊರೆ ಹೊತ್ತು ಜಗುಲಿಗೆ ಬಂದರು. ಅವಳನ್ನು ಕಂಡು, ತಲೆಯ ಮೇಲಿನ ಭಾರವನ್ನೂ ಮರೆತು ಏನೋ ಹೇಳಲು ಬಾಯಿ ತೆರೆದರು. ಅತ್ತೆ ತುಟಿಯ ಮೇಲೆ ಬೆರಳಿಟ್ಟು, ಹಿತ್ತಲ ಬಾಗಿಲಿನಿಂದ ಬನ್ನಿ ಎಂದು ಕೈಸನ್ನೆ ಮಾಡಿದರು. ಅಪ್ಪ ಹೊರೆಯ ಸಮೇತ ತಿರುಗಿ, ಮತ್ತೆ ಬೀದಿಗೆ ಇಳಿದು, ಮನೆ ಬಳಸಿಕೊಂಡು ಬಂದರು. ಆವತ್ತು ಕತ್ತಲಾಗುವವರೆಗೂ ಸೊಪ್ಪೆಲ್ಲ ಹಿತ್ತಲಿನಿಂದಲೇ ಒಳಗೆ ಹೋಯಿತು.